ನಡೆದವರು ಕಂಡ ಗುಜರಾತು

ಊರಿನಿಂದ ನೆಂಟರು ಬರುತ್ತಾರೆಂದರೆ ವಡೋದರಾದ ನಮ್ಮ ಕನ್ನಡ ಮನೆಗಳಲ್ಲಿ ಒಂದು ಪಟ್ಟಿ ತಯಾರಾಗುತ್ತದೆ. ಮೊದಲ ದಿನ ಲಕ್ಷ್ಮೀವಿಲಾಸ ಅರಮನೆ, ಸಯಾಜಿ ಬಾಗ್, ಕೀರ್ತಿಮಂದಿರ. ಎರಡನೆಯ ದಿನ ಚಾಂಪಾನೇರ್ ಮತ್ತು ಪಾವಾಗಢ. ಮೂರನೆಯ ದಿನ ನರ್ಮದೆಯ ದಡದ ಸರ್ದಾರ್ ಪಟೇಲರ ಪ್ರತಿಮೆ. ನಾಲ್ಕನೆಯ ದಿನವೂ ಉಳಿದರೆ ಅಹಮದಾಬಾದಿನ ಸಾಬರಮತಿ ಆಶ್ರಮ, ಅಲ್ಲಿಂದ ಅಡಾಲಜದ ಮೆಟ್ಟಿಲು ಬಾವಿ. ಹೊರಡುವ ದಿನ ಲೀಲೋ ಚಿವಡಾ, ಭಾಕರವಡಿ ಕಟ್ಟಿಸಿಕೊಂಡು ನೆಂಟರು ಗಾಡಿ ಹತ್ತುತ್ತಾರೆ. ಗುಜರಾತು ಪೂರ್ತಿ ನೋಡಿಬಂದೆವೆಂದು ಊರಿನಲ್ಲಿ ಹೇಳುತ್ತಾರೆ. ಆ ನಾಲ್ಕು ದಿನಗಳಲ್ಲಿ ಅವರು ಮಾತನಾಡಿಸಿದ ಗುಜರಾತಿಯವನೆಂದರೆ ಬಾಡಿಗೆ ಕಾರಿನ ಚಾಲಕನೊಬ್ಬನೇ. ಅವನೂ ಎಷ್ಟೋ ಸಲ ರಾಜಸ್ಥಾನದವನಾಗಿರುತ್ತಾನೆ.

ಆದರೆ ನೆಂಟರನ್ನು ದೂರಿ ಪ್ರಯೋಜನವಿಲ್ಲ. ಹಿಂದಿನ ಚಳಿಗಾಲದಲ್ಲಿ ನಾವೇ ಹತ್ತು ಹನ್ನೆರಡು ಮನೆಯವರು ಸೇರಿ ಒಂದು ಬಸ್ಸು ಗೊತ್ತುಮಾಡಿಕೊಂಡು ಸೂರತ್, ನವಸಾರಿಗಳ ಕಡೆ ಹೊರಟೆವು. ಒಂದು ದಿನಕ್ಕೆ ಏಳು ಸ್ಥಳ. ದಾಂಡಿಯ ಪಾಲಿಗೆ ಬಂದದ್ದು ಅರ್ಧ ಗಂಟೆ. ಅಲ್ಲಿ 2019ರ ಜನವರಿ 30ರಂದು ಉದ್ಘಾಟನೆಯಾದ ಉಪ್ಪಿನ ಸತ್ಯಾಗ್ರಹ ಸ್ಮಾರಕವಿದೆ. ದಾಂಡಿಯಾತ್ರೆಯ ಎಂಬತ್ತು ಜನರ ಆಳೆತ್ತರದ ಪ್ರತಿಮೆಗಳು ನಡೆಯುತ್ತಿರುವ ಭಂಗಿಯಲ್ಲೇ ನಿಂತಿವೆ. ಗಾಂಧೀಜಿಯ ಎದುರು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡೆವು. ಅಷ್ಟರಲ್ಲಿ ಬಸ್ಸಿನ ಹಾರ್ನು ಕೇಳಿಸಿತು, ಓಡಿದೆವು.

ಒಂದು ವಾರದ ಮೇಲೆ ನಮ್ಮ ಮಕ್ಕಳಲ್ಲೊಬ್ಬಳು ಶಾಲೆಗೆ ಈ ಪ್ರವಾಸದ ಬಗ್ಗೆ ಬರೆಯಲು ಕುಳಿತವಳು, “ಅಪ್ಪಾ, ಆ ಎಂಬತ್ತು ಜನದಲ್ಲಿ ನಮ್ಮವರು ಯಾರಾದರೂ ಇದ್ದರಾ?” ಎಂದು ಕೇಳಿದಳು. ಹುಡುಕಿ ನೋಡಿದರೆ ಇದ್ದರು, ಕರ್ನಾಟಕದಿಂದ ಒಬ್ಬರೇ ಒಬ್ಬರು. 1930ರ ಮಾರ್ಚ್ 12ರ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದ 78 ಜನರ ಪಟ್ಟಿಯಲ್ಲಿ ಅವರ ಹೆಸರು ಮಹಾದೇವ ಮಾರ್ತಾಂಡ. ವಯಸ್ಸು ಹದಿನೆಂಟು. ನಾಡು ಅವರನ್ನು ಬಲ್ಲದ್ದು ಮೈಲಾರ ಮಹಾದೇವಪ್ಪ ಎಂದು. ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು, ಅವರನ್ನು ನೋಡದೆ, ಅಂಥವರೊಬ್ಬರು ಇದ್ದಾರೆಂಬುದೇ ತಿಳಿಯದೆ ನಾವು ಬಂದಿದ್ದೆವು. ಆ ನಾಚಿಕೆಯಿಂದ ಹುಟ್ಟಿದ್ದು ಈ ಬರಹ. ಪುಸ್ತಕಗಳನ್ನು ತಿರುವಿಹಾಕುತ್ತ ಹೋದಂತೆ ಚರಿತ್ರೆ ನಮ್ಮನ್ನು ದಾಂಡಿಯಿಂದ ಹಿಂದಕ್ಕೆ, ನಾವು ದಿನವೂ ತಿರುಗಾಡುವ ಈ ವಡೋದರಾಕ್ಕೇ ಕರೆತಂದಿತು.

1910ರಲ್ಲಿ ಈ ಊರಿಗೆ ಇಪ್ಪತ್ತೈದು ವರ್ಷದ ಒಬ್ಬ ತರುಣ ಮಾಸ್ತರರು ಬಂದರು. ಹೆಸರು ದತ್ತಾತ್ರೇಯ ಬಾಲಕೃಷ್ಣ ಕಾಲೇಲಕರ್. ಹುಟ್ಟಿದ್ದು 1885ರ ಡಿಸೆಂಬರ್ 1ರಂದು ಸಾತಾರಾದಲ್ಲಿ, ಮನೆಮಾತು ಮರಾಠಿ. ತಂದೆಯ ಸರ್ಕಾರಿ ನೌಕರಿಯಿಂದಾಗಿ ಊರೂರು ಅಲೆದ ಬಾಲ್ಯ. ಅದರಲ್ಲಿ ದೊಡ್ಡ ಪಾಲು ನಮ್ಮ ಕಡೆಯದೇ — ಬೆಳಗಾವಿಯ ಶಹಾಪುರ, ಬೆಳಗುಂದಿ, ಕಾರವಾರ. ಅವರನ್ನು ಕನ್ನಡಿಗರೆಂದು ಎಳೆದು ತರುವ ಉದ್ದೇಶ ನಮಗಿಲ್ಲ; ಬೆಳಗಾವಿಯ ವಿಷಯದಲ್ಲಿ ಆಗಿರುವ ಎಳೆದಾಟವೇ ಸಾಕು. ಆದರೂ ಬೆಳಗುಂದಿಯ ಪಕ್ಕದ ಮಾರ್ಕಂಡೇಯ ಹೊಳೆಯನ್ನು ಗೆಳತಿಯೆಂದು ಕರೆದು ಪ್ರೀತಿಯಿಂದ ಬರೆದವರು ಅವರು. ಬರೆದದ್ದು ಗುಜರಾತಿಯಲ್ಲಿ. ಹೊರಗಿನಿಂದ ಬಂದು ಇಲ್ಲಿಯ ಮಾತಿನಲ್ಲಿ ಇಲ್ಲಿಯವರಿಗಿಂತ ಚೆನ್ನಾಗಿ ಬರೆದರೆಂದು ಗಾಂಧೀಜಿ ಅವರನ್ನು ‘ಸವಾಯಿ ಗುಜರಾತಿ’ ಎಂದರು. ಅಂದರೆ ಒಂದೂ ಕಾಲು ಪಾಲು ಗುಜರಾತಿ! ಇಪ್ಪತ್ತು ವರ್ಷ ಇಲ್ಲಿದ್ದೂ ತರಕಾರಿಯವಳ ಹತ್ತಿರ ಹಿಂದಿಯಲ್ಲೇ ಚೌಕಾಸಿ ಮಾಡುವ ನಾವು ಕಾಲು ಪಾಲಾದರೂ ಆದೇವೋ ಇಲ್ಲವೋ.

ಅವರು ಸೇರಿದ್ದು ಗಂಗನಾಥ ವಿದ್ಯಾಲಯಕ್ಕೆ. ಬರೋಡಾ ಸಂಸ್ಥಾನದ ಸೇವೆಯಲ್ಲಿದ್ದ ಬ್ಯಾರಿಸ್ಟರ್ ಕೇಶವರಾವ್ ದೇಶಪಾಂಡೆಯವರು ನಡೆಸುತ್ತಿದ್ದ ರಾಷ್ಟ್ರೀಯ ಶಾಲೆ ಅದು. ಅಲ್ಲೊಂದು ಪದ್ಧತಿಯಿತ್ತು. ಮಾಸ್ತರರನ್ನು ಮಕ್ಕಳು ‘ಸರ್’ ಎನ್ನುತ್ತಿರಲಿಲ್ಲ. ಮನೆಯವರನ್ನು ಕರೆದಂತೆ ಕರೆಯುತ್ತಿದ್ದರು. ಫಡಕೆ ಎಂಬ ಮಾಸ್ತರರು ಮಾಮಾ ಆದರು, ಕಾಲೇಲಕರ್ ಕಾಕಾ ಆದರು. ಮುಂದೆ ದೇಶವೆಲ್ಲ ಅವರನ್ನು ಕರೆದದ್ದು ಹಾಗೆಯೇ: ಕಾಕಾಸಾಹೇಬ್. ಆ ಸೋದರಸಂಬಂಧದ ಹೆಸರು ಅವರಿಗೆ ಅಂಟಿದ್ದು ನಮ್ಮ ಈ ಊರಿನಲ್ಲಿ ಎಂಬುದನ್ನು ವಡೋದರಾದ ಪ್ರೇಕ್ಷಣೀಯ ಸ್ಥಳಗಳ ಯಾವ ಪಟ್ಟಿಯಲ್ಲೂ ನಾವು ಕಂಡಿಲ್ಲ. ಕಾಣುವುದಕ್ಕೆ ಅಲ್ಲಿ ಗೋಪುರವಿಲ್ಲ, ಗುಮ್ಮಟವಿಲ್ಲ.

ರಾಷ್ಟ್ರೀಯ ಶಾಲೆಗಳೆಂದರೆ ಬ್ರಿಟಿಷರಿಗೆ ಸಂಶಯ. 1912ರ ಹೊತ್ತಿಗೆ ವಿದ್ಯಾಲಯ ಮುಚ್ಚಿಹೋಯಿತು. ಕೆಲಸ ಹೋದ ಮಾಸ್ತರರು ಇನ್ನೊಂದು ಕೆಲಸ ಹುಡುಕಲಿಲ್ಲ, ಹಿಮಾಲಯಕ್ಕೆ ಹೊರಟರು. ಜೊತೆಗೆ ಸ್ವಾಮಿ ಆನಂದರಂಥ ಗೆಳೆಯರು. ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿ, ಎಲ್ಲವೂ ಕಾಲ್ನಡಿಗೆಯಲ್ಲಿ.

ಆಗಿನ ಆ ದಾರಿಯ ವ್ಯವಸ್ಥೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಈಗ ಅದು ಉಳಿದಿಲ್ಲ. ಕೆಲವು ಮೈಲಿಗೊಂದರಂತೆ ‘ಚಟ್ಟಿ’ ಎಂಬ ತಂಗುದಾಣಗಳಿದ್ದವು. ಒಂದು ಹುಲ್ಲಿನ ಅಥವಾ ಕಲ್ಲುಚಪ್ಪಡಿಯ ಚಾವಣಿ, ಅದರ ಕೆಳಗೊಂದು ಅಂಗಡಿ. ಅಂಗಡಿಯವನ ಹತ್ತಿರ ಹಿಟ್ಟು, ಅಕ್ಕಿ, ಬೇಳೆ ಕೊಂಡವರಿಗೆ ಅಡಿಗೆಗೆ ಪಾತ್ರೆ, ರಾತ್ರಿ ಮಲಗಲು ಜಾಗ. ಅದಕ್ಕೆ ಬೇರೆ ಬಾಡಿಗೆಯಿಲ್ಲ. ಬಂಗಾಳದ ಮುದುಕಿ, ಮಾರವಾಡದ ವ್ಯಾಪಾರಿ, ದಕ್ಷಿಣದ ಬ್ರಹ್ಮಚಾರಿ ಒಂದೇ ಚಾವಣಿಯಡಿ ಒಲೆ ಹೂಡಬೇಕು. ಮರುದಿನದ ಚಟ್ಟಿಯಲ್ಲೂ ಅವರೇ ಸಿಗುತ್ತಾರೆ, ಏಕೆಂದರೆ ಎಲ್ಲರ ಕಾಲಿನ ವೇಗವೂ ಹೆಚ್ಚುಕಡಮೆ ಒಂದೇ. ವಾರ ಕಳೆಯುವಷ್ಟರಲ್ಲಿ ಯಾರ ಮಂಡಿ ನೋಯುತ್ತದೆ, ಯಾರ ಸೊಸೆ ಜಗಳಗಂಟಿ ಎಂಬುದೆಲ್ಲ ಎಲ್ಲರಿಗೂ ಗೊತ್ತು. ಮೋಟಾರು ರಸ್ತೆ ಬದರಿಯವರೆಗೆ ಏರಿದ ಮೇಲೆ ಚಟ್ಟಿಗಳು ಪಾಳುಬಿದ್ದವು. ಬಸ್ಸಿನಲ್ಲಿ ಹೋಗುವವನಿಗೆ ನಡುವಿನ ಊರುಗಳಿಂದ ಆಗಬೇಕಾದದ್ದೇನೂ ಇರಲಿಲ್ಲ.

ಕಾಕಾ ಆ ಯಾತ್ರೆಯನ್ನು ಪುಸ್ತಕವಾಗಿಸಿದ್ದು 1924ರಲ್ಲಿ, ನಡೆದು ಹನ್ನೆರಡು ವರ್ಷಗಳ ಮೇಲೆ: ‘ಹಿಮಾಲಯನೋ ಪ್ರವಾಸ್’. ಗುಜರಾತಿಯ ಪ್ರವಾಸ ಸಾಹಿತ್ಯದಲ್ಲಿ ಅದಕ್ಕೆ ಇಂದಿಗೂ ಮೊದಲ ಸಾಲಿನ ಸ್ಥಾನ. ಹನ್ನೆರಡು ವರ್ಷವಾದರೂ ಮಾಸದೆ ಉಳಿಯುವುದು ಯಾವುದು ಎಂದು ನಮ್ಮ ಫೋನುಗಳಲ್ಲಿ ತುಂಬಿರುವ ಸಾವಿರಾರು ಚಿತ್ರಗಳನ್ನು ನೋಡಿದಾಗ ಅನಿಸುತ್ತದೆ. ಹೋದ ವರ್ಷದ ಚಿತ್ರಗಳಲ್ಲೇ ಯಾವುದು ಯಾವ ಊರೆಂದು ನಮಗೀಗ ಗುರುತು ಹತ್ತುವುದಿಲ್ಲ.

ಇಲ್ಲಿ ಒಂದು ತಕರಾರನ್ನು ಎತ್ತಲೇಬೇಕು. ನೋಡುವುದೇ ತಪ್ಪೇ? ಪ್ರಸಿದ್ಧ ಸ್ಥಳವನ್ನು ಆಸೆಪಟ್ಟು ಹೋಗಿ ನೋಡುವುದು ಕೀಳೇ? ಇದರ ಬಗ್ಗೆ ಕಾಕಾ ಮತ್ತು ಗಾಂಧೀಜಿಯ ನಡುವೆಯೇ ಒಂದು ಸಣ್ಣ ಜಗ್ಗಾಟ ನಡೆದಿತ್ತು, ಅದೂ ನಮ್ಮ ಮಲೆನಾಡಿನಲ್ಲಿ. 1927ರಲ್ಲಿ ಗಾಂಧೀಜಿ ನಂದಿಬೆಟ್ಟದಲ್ಲೂ ಬೆಂಗಳೂರಿನಲ್ಲೂ ವಿಶ್ರಾಂತಿ ಪಡೆದು ಮೈಸೂರು ಸಂಸ್ಥಾನದಲ್ಲಿ ಖಾದಿ ಪ್ರವಾಸ ಮಾಡಿದರು. ಸಾಗರಕ್ಕೆ ಬಂದಾಗ ಜೋಗ ಕೂಗಳತೆಯಲ್ಲಿ. ಕಾಲ ಮಳೆಗಾಲ, ಲಿಂಗನಮಕ್ಕಿ ಅಣೆಕಟ್ಟೆ ಇನ್ನೂ ಮೂರು ದಶಕಕ್ಕೂ ಆಚೆಯ ಮಾತು, ಶರಾವತಿ ತುಂಬಿ ಧುಮುಕುತ್ತಿದ್ದ ದಿನಗಳು. ಕಾಕಾ ಬಾಪೂಜಿಯನ್ನು ಕಾಡಿದರು. ಅಷ್ಟು ಎತ್ತರದಿಂದ ಬೀಳುವ ನೀರು ಲೋಕದಲ್ಲೇ ಅಪರೂಪವೆಂದಾಗ, ಮಳೆಯ ನೀರು ಅದಕ್ಕಿಂತ ಎತ್ತರದಿಂದಲೇ ಬೀಳುತ್ತದಲ್ಲವೇ ಎಂದು ಬಾಪೂಜಿ ನಕ್ಕುಬಿಟ್ಟರಂತೆ. ಹಾಗಾದರೆ ಮಹಾದೇವ ದೇಸಾಯಿಯವರನ್ನಾದರೂ ಕಳಿಸಿಕೊಡಿ ಎಂದರೆ, ಅವನು ಬರುವುದಿಲ್ಲ, ಅವನ ಗೇರುಸೊಪ್ಪೆ ನಾನೇ ಎಂದು ಉತ್ತರ ಬಂತಂತೆ. ಮಾತಿನಲ್ಲಿ ಗಾಂಧೀಜಿಯನ್ನು ಗೆದ್ದವರುಂಟೇ? ಕಾಕಾ ಮಾತ್ರ ಜೋಗಕ್ಕೆ ಹೋಗಿಬಂದರು.

ಈ ಪ್ರಸಂಗದಲ್ಲಿ ನಾವು ಕಾಕಾ ಅವರ ಪಕ್ಷ. ಜೋಗದ ಬಾಗಿಲಿಗೆ ಬಂದು ನೋಡದೆ ಹೋದರಲ್ಲ ಎಂಬ ಕೊರಗು ಕನ್ನಡಿಗರಾದ ನಮಗೆ ಇದ್ದೇ ಇದೆ. 1934ರಲ್ಲಿ ಕಾಕಾ ದೇಶದ ನದಿಗಳ ಬಗ್ಗೆ ‘ಲೋಕಮಾತಾ’ ಎಂಬ ಪುಸ್ತಕ ತಂದರು. ಜನರಿಗೆ ಹೊಳೆಯೊಡನೆ ಇರುವ ಬಾಳ್ವೆಯ ಕಥೆ ಅದು. ಹೆಸರಾದ ಜೋಗದ ಮೇಲೂ, ಹೆಸರಿಲ್ಲದ ಮಾರ್ಕಂಡೇಯ ಹೊಳೆಯ ಮೇಲೂ ಅವರು ಒಂದೇ ಅಕ್ಕರೆಯಿಂದ ಬರೆದರು. ಅಷ್ಟು ಅಕ್ಕರೆಯಿದ್ದವರು ಎಷ್ಟು ಜಲಪಾತಗಳನ್ನು ಬೇಕಾದರೂ ನೋಡಿಬರಲಿ.

ಇನ್ನು ಜೋಗವನ್ನು ನೋಡಲೊಪ್ಪದ ಆ ಮನುಷ್ಯ ಏನನ್ನು ನೋಡುತ್ತಿದ್ದರು? ಅದು ತಿಳಿಯಬೇಕಾದರೆ ಮೂರು ವರ್ಷ ಮುಂದೆ ಬಂದು, ನಮ್ಮ ಮಹಾದೇವಪ್ಪನವರನ್ನು ಕೂಡಿಕೊಳ್ಳಬೇಕು.

1930ರ ಮಾರ್ಚ್ 12ರ ಬೆಳಿಗ್ಗೆ ಸಾಬರಮತಿಯಿಂದ ಹೊರಟ ತಂಡ ಏಪ್ರಿಲ್ 5ಕ್ಕೆ ದಾಂಡಿ ಮುಟ್ಟಿತು. 241 ಮೈಲಿ, ದಿನಕ್ಕೆ ಸುಮಾರು ಹತ್ತು ಮೈಲಿ, ಸೋಮವಾರ ಮೌನ ಮತ್ತು ವಿಶ್ರಾಂತಿ. ರೈಲಿನಲ್ಲಿ ಹೋಗಿದ್ದರೆ ಒಂದು ದಿನದ ಕೆಲಸ. ಉಪ್ಪು ಎತ್ತುವುದೊಂದೇ ಉದ್ದೇಶವಾಗಿದ್ದರೆ ಖಂಭಾತದ ಕಡಲು ಇನ್ನೂ ಹತ್ತಿರವಿತ್ತು. ಅರವತ್ತು ದಾಟಿದ ಗಾಂಧೀಜಿ ನಡೆದೇ ಹೋಗುವೆನೆಂದರು, ದಾರಿಯ ಊರುಗಳಿಗೆ ಮೊದಲೇ ಒಂದು ಪಟ್ಟಿ ಕಳಿಸಿದರು.

ಹೌದು, ಅವರ ಹತ್ತಿರವೂ ಪಟ್ಟಿಯಿತ್ತು. ಊರಿನ ಜನಸಂಖ್ಯೆ ಎಷ್ಟು, ಗಂಡಸರು, ಹೆಂಗಸರು ಎಷ್ಟು, ಹಿಂದೂ, ಮುಸಲ್ಮಾನ, ಕ್ರೈಸ್ತ, ಪಾರ್ಸಿ ಎಷ್ಟೆಷ್ಟು, ಅಸ್ಪೃಶ್ಯರೆನಿಸಿಕೊಂಡವರು ಎಷ್ಟು, ಅವರ ಮಕ್ಕಳಿಗೆ ಓದಿನ ಅನುಕೂಲವಿದೆಯೇ, ಚರಕ ಎಷ್ಟು, ತಿಂಗಳಿಗೆ ಎಷ್ಟು ಖಾದಿ ಮಾರುತ್ತದೆ, ತಲೆಗೆ ಎಷ್ಟು ಉಪ್ಪು ಬೇಕು, ದನಕರುಗಳಿಗೆ ಎಷ್ಟು, ಹಸು ಎಮ್ಮೆಗಳೆಷ್ಟು, ಕಂದಾಯದ ದರವೇನು, ಗೋಮಾಳ ಎಷ್ಟಿದೆ, ಹೆಂಡದಂಗಡಿ ಎಷ್ಟು ದೂರ. ಈ ವಿವರ ಕೂಡಿಸಲು ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ಒಂದು ಮುಂಗಾವಲು ತಂಡ, ‘ಅರುಣ ಟುಕಡಿ’, ಮುಂದೆ ಮುಂದೆ ಹೋಗುತ್ತಿತ್ತು. ಆಗ ಆ ವಿದ್ಯಾಪೀಠದ ಕುಲನಾಯಕರಾಗಿದ್ದವರು ನಮ್ಮ ಕಾಕಾ. ಅವರ ಮಗ ಬಾಲ್ ಯಾತ್ರೆಯ 78 ಜನರಲ್ಲೊಬ್ಬ.

ಮೊದಲ ದಿನದ ತಂಗುದಾಣ ಅಸಲಾಲಿಯಲ್ಲೇ ಈ ಲೆಕ್ಕ ಉಪಯೋಗಕ್ಕೆ ಬಂತು. 1,700 ಜನರ ಊರು. ಜನಕ್ಕೂ ದನಕ್ಕೂ ಬೇಕಾಗುವ ಉಪ್ಪನ್ನು ಕೂಡಿಸಿ, ನೀವು ವರ್ಷಕ್ಕೆ ಇಷ್ಟು ತೆರಿಗೆ ಕೊಡುತ್ತಿದ್ದೀರಿ, 720 ರೂಪಾಯಿ, ಎಂದು ಗಾಂಧೀಜಿ ಅಲ್ಲಿಯ ರೈತರ ಮುಂದೆ ಲೆಕ್ಕವಿಟ್ಟರು. ಸಾಮ್ರಾಜ್ಯದ ಮಾತು ಊರಿನ ದನಗಳ ಲೆಕ್ಕಕ್ಕೆ ಇಳಿದಾಗ ಯಾರಿಗೆ ತಾನೇ ಅರ್ಥವಾಗದು?

ಯಾತ್ರಿಕರು ಹಾಸಿಗೆ ತಾವೇ ಹೊರಬೇಕು, ಹಳ್ಳಿಯವರು ಸಾದಾ ಊಟವಷ್ಟೇ ಕೊಡಬೇಕು, ಸಿಹಿ ಮಾಡಬಾರದು. ಪ್ರತಿಯೊಬ್ಬರೂ ನೂಲಬೇಕು, ದಿನಚರಿ ಬರೆಯಬೇಕು. ಮೋಟೆಬೆನ್ನೂರಿನ ಹದಿನೆಂಟರ ಹುಡುಗನೂ ಬರೆದಿರಬೇಕು. ಏನು ಬರೆದಿದ್ದಿರಬಹುದು ಎಂದು ಊಹಿಸಲು ಆಸೆಯಾಗುತ್ತದೆ. ಖೇಡಾದ ಹೊಗೆಸೊಪ್ಪಿನ ಹೊಲಗಳು ಅವನಿಗೆ ಬ್ಯಾಡಗಿಯ ಮೆಣಸಿನಕಾಯಿ ಹೊಲಗಳನ್ನು ನೆನಪಿಸಿದವೋ ಏನೋ.

ಯಾತ್ರೆ ವಡೋದರಾ ನಗರವನ್ನು ಮುಟ್ಟಲಿಲ್ಲ. ನಮ್ಮ ಪಶ್ಚಿಮಕ್ಕೆ ಬೋರಸದ್, ರಾಸ್, ಕಂಕಾಪುರಗಳ ಮೇಲೆ ಹಾದು ಮಾರ್ಚ್ 19ರ ರಾತ್ರಿ ಮಹಿ ನದಿ ದಾಟಿತು. ಮಹಿ ಅಲ್ಲಿ ಕಡಲಿನ ಭರತ ಇಳಿತಕ್ಕೆ ಸಿಕ್ಕ ನದಿ; ನೀರು ಏರುವವರೆಗೆ ಕಾದು ದೋಣಿ ಹತ್ತಿ, ಆಚೆ ದಡಕ್ಕೆ ಮೊಣಕಾಲುದ್ದದ ಕೆಸರಿನಲ್ಲಿ ನಡೆದರು. ದಡದ ಉದ್ದಕ್ಕೂ ಹಳ್ಳಿಯವರು ದೀಪ ಹಿಡಿದು ನಿಂತಿದ್ದರು. ಮಾರ್ಚ್ 21ರಂದು ಗಜೇರಾದ ಸಭೆಯಲ್ಲಿ ಹರಿಜನರನ್ನು ದೂರ ಕೂರಿಸಿದ್ದು ಕಂಡಿತು. ಅವರನ್ನು ನಿಮ್ಮ ನಡುವೆ ಕರೆದುಕೊಳ್ಳಿ, ಇಲ್ಲವೇ ನಾವು ಅವರ ಬಳಿ ಹೋಗಿ ಕೂರುತ್ತೇವೆ ಎಂದರು ಗಾಂಧೀಜಿ. ಕಾರಿನಲ್ಲಿ ಬಂದು ಭಾಷಣ ಮಾಡಿ ಹೋಗುವವನ ಕಣ್ಣಿಗೆ ಯಾರು ಎಲ್ಲಿ ಕೂತಿದ್ದಾರೆ ಎಂಬುದು ಬೀಳುವುದು ಕಷ್ಟ.

ನಡೆದು ಹೋದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂಬುದಕ್ಕೂ ಆ ಯಾತ್ರೆಯಲ್ಲೇ ಸಾಕ್ಷಿಯಿದೆ. ಸೂರತ್ ಜಿಲ್ಲೆ ಸೇರುವಷ್ಟರಲ್ಲಿ ಉಪಚಾರ ಅತಿಯಾಯಿತು. ಸೂರತ್ತಿನಿಂದ ಲಾರಿಯಲ್ಲಿ ಹಾಲು ಬಂತು, ಹಣ್ಣು ಬಂದವು. ರಾತ್ರಿ ನಡೆಯುವಾಗ ಕೂಲಿಯವರ ತಲೆಯ ಮೇಲೆ ಕಿಟ್ಸನ್ ದೀಪ ಹೊರಿಸಿದರು. ಹಿಂದೆ ನಮ್ಮ ಮದುವೆ ಮೆರವಣಿಗೆಗಳಲ್ಲಿ ಹೊರುತ್ತಿದ್ದರಲ್ಲ, ಅಂಥ ಗ್ಯಾಸ್‌ಲೈಟು. ಬೆಳಕು ಯಾತ್ರಿಕರಿಗೆ, ಭಾರ ಬಡವನಿಗೆ. ಮಾರ್ಚ್ 29ರಂದು ಭಟಗಾಮದಲ್ಲಿ ಗಾಂಧೀಜಿ ಸಭೆಯ ಮುಂದೆಯೇ ತಮ್ಮ ತಂಡವನ್ನೂ ತಮ್ಮನ್ನೂ ಕಟುವಾಗಿ ವಿಚಾರಿಸಿಕೊಂಡರು. ವೈಸರಾಯರ ಸಂಬಳವನ್ನು ಟೀಕಿಸುವ ನಾವೇ ಬಡವರ ಆದಾಯಕ್ಕೆ ಮೀರಿ ಬಾಳುತ್ತಿದ್ದೇವೆ ಎಂಬುದು ಅವರ ಅಳಲು. ಇಡೀ ಯಾತ್ರೆಯ ಎಲ್ಲ ಭಾಷಣಗಳಲ್ಲಿ ನಮ್ಮ ಮನಸ್ಸಿಗೆ ನಾಟಿದ್ದು ಇದು. ನಾವು ನೋಡಲು ಹೋದಲ್ಲೆಲ್ಲ ಯಾರೋ ಒಬ್ಬರು ನಮಗಾಗಿ ದೀಪ ಹೊತ್ತಿರುತ್ತಾರೆ. ಪಾವಾಗಢದ ಮೆಟ್ಟಿಲುಗಳಲ್ಲಿ ಸಾಮಾನು ಹೊರುವವರನ್ನು ನೆನೆಯಿರಿ.

ಏಪ್ರಿಲ್ 3ರಂದು ನವಸಾರಿ. ಅದು ಆಗ ಗಾಯಕವಾಡರ ಸೀಮೆ, ಅಂದರೆ ನಮ್ಮ ಬರೋಡಾ ಸಂಸ್ಥಾನದ್ದೇ ಭಾಗ. ಏಪ್ರಿಲ್ 6ರಂದು ದಾಂಡಿಯಲ್ಲಿ ಕಾಯಿದೆ ಮುರಿದದ್ದನ್ನು ಎಲ್ಲರೂ ಬಲ್ಲರು. ಒಂದು ವಾರದಲ್ಲಿ, ಏಪ್ರಿಲ್ 13ಕ್ಕೆ, ನಮ್ಮ ಅಂಕೋಲೆಯಲ್ಲೂ ಉಪ್ಪು ಎತ್ತಿದರು.

ಮಹಾದೇವಪ್ಪನವರು ಮುಂದೆ ಊರ ಕಡೆ ಹಿಂದಿರುಗಿ ಹಾವೇರಿ ಸೀಮೆಯ ಕೊರಡೂರೆಂಬ ಹಳ್ಳಿಯಲ್ಲಿ ಸೇವಾಶ್ರಮ ಕಟ್ಟಿದರು. ಇಪ್ಪತ್ತನಾಲ್ಕು ದಿನ ಊರೂರಿನ ಚರಕ, ಹಸು, ಶಾಲೆಗಳ ವಿವರ ಕೇಳುತ್ತ ನಡೆದ ಹುಡುಗನಿಗೆ ಹಳ್ಳಿಯೊಂದರಲ್ಲಿ ನೆಲೆ ನಿಲ್ಲುವುದೇ ಸಹಜವೆನಿಸಿತೋ ಏನೋ. 1942ರ ಚಳವಳಿಯಲ್ಲಿ ಭೂಗತರಾಗಿ ಹೋರಾಡಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಕಂದಾಯದ ಹಣ ಇಟ್ಟಿದ್ದ ಕಡೆ ನಡೆದ ದಾಳಿಯಲ್ಲಿ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವಪ್ಪನವರಿಗೆ ಮೂವತ್ತೆರಡೂ ತುಂಬಿರಲಿಲ್ಲ. ಹಾವೇರಿ ರೈಲು ನಿಲ್ದಾಣಕ್ಕೆ ಈಗ ಅವರ ಹೆಸರಿದೆ. ರಜೆಯಲ್ಲಿ ಊರಿಗೆ ಹೋಗುವಾಗ ಹುಬ್ಬಳ್ಳಿ ದಾಟಿದ ಮೇಲೆ ಆ ಫಲಕ ನಮ್ಮ ಕಿಟಕಿಯ ಮುಂದೆಯೇ ಹಾದುಹೋಗುತ್ತದೆ. ಎಷ್ಟು ಸಲ ಹಾದಿದೆಯೋ, ನಾವು ಆಗ ಸಾಮಾನು ಎಣಿಸುತ್ತಿರುತ್ತೇವೆ.

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಿರಲಾಗದೆ ಈ ಫೆಬ್ರವರಿಯಲ್ಲಿ ನಾವು ನಾಲ್ಕು ಮನೆಯವರು ಮತ್ತೆ ಹೋದೆವು. ಈ ಸಲ ಒಂದೇ ಸ್ಥಳ. ಗಾಂಧೀಜಿಯನ್ನು 1930ರ ಮೇ 4ರ ನಡುರಾತ್ರಿ ಬಂಧಿಸಿದ ಕರಾಡಿಯಲ್ಲಿ ಇಳಿದು, ದಾಂಡಿಗೆ ನಡೆದೇ ಹೊರಟೆವು. ಜೊತೆಗೆ ಊರಿನಿಂದ ಬಂದಿದ್ದ ನಮ್ಮೊಬ್ಬರ ಮನೆಯ ಅಜ್ಜಿ, ರಾಣೆಬೆನ್ನೂರಿನ ಕಡೆಯವರು. ಕಾರಿನಲ್ಲಿ ಬನ್ನಿ ಎಂದರೆ ಕೇಳಲಿಲ್ಲ.

ದಾರಿಯಲ್ಲಿ ಒಂದು ಮನೆಯ ಓಟಲೋ ಮೇಲೆ — ನಮ್ಮ ಜಗಲಿಯಂಥದ್ದು — ಕೂತಿದ್ದ ಮುದುಕಿ ನೀರು ಕುಡಿದು ಹೋಗಿ ಎಂದು ಕರೆದರು. ನೀರಿನ ಹಿಂದೆ ಚಹಾ ಬಂತು, ಚಹಾದ ಹಿಂದೆ ಪ್ರಶ್ನೆಗಳು. ಯಾವ ನಾಡು, ಎಷ್ಟು ಮಕ್ಕಳು, ಗಂಡೆಷ್ಟು ಹೆಣ್ಣೆಷ್ಟು, ಊರಲ್ಲಿ ಹೊಲ ಇದೆಯೇ, ಎಮ್ಮೆ ಕಟ್ಟಿದ್ದೀರಾ. ಅವರ ಮಗನೊಬ್ಬ ನ್ಯೂಜಿಲೆಂಡಿನಲ್ಲಿದ್ದಾನೆ. ಬೀದಿಯ ಅರ್ಧ ಮನೆಗಳು ಹಾಗೆಯೇ, ಮಕ್ಕಳೆಲ್ಲ ಹೊರದೇಶ. ಅಜ್ಜಿಗೆ ಗುಜರಾತಿ ಬಾರದು, ಆ ಬಾ ಅವರಿಗೆ ಕನ್ನಡ ಬಾರದು. ನಡುವೆ ನಿಂತು ನಾವು ನಮ್ಮ ಅರೆಬರೆ ಗುಜರಾತಿಯಲ್ಲಿ ತರ್ಜುಮೆ ಮಾಡಿದೆವು. ಆಮೇಲಾಮೇಲೆ ಅದೂ ಬೇಕಾಗಲಿಲ್ಲ.

ಏಳುವ ಹೊತ್ತಿಗೆ ಬಾ ಕೇಳಿದರು: “ನಿಮ್ಮ ಊರಲ್ಲಿ ಒಟ್ಟು ಮನೆ ಎಷ್ಟು?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಟ್ಟಿದ ಊರಿನಲ್ಲಿ ಮನೆ ಎಷ್ಟೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಮಾತ್ರ, “ತಡೀರಿ, ಎಣಿಸಿ ಹೇಳ್ತೀನಿ” ಎಂದು ಅಗಸಿ ಬಾಗಿಲಿನಿಂದ ಶುರುಮಾಡಿ ಬೆರಳು ಮಡಿಸತೊಡಗಿದರು. ಬಾ ಅವರಿಗೆ ಕೈಮುಗಿದು ಹೊರಟ ಮೇಲೂ ದಾರಿಯುದ್ದಕ್ಕೂ ಎಣಿಸುತ್ತಲೇ ಬಂದರು. ಗೌಡರ ಓಣಿ, ಬಡಿಗೇರ ಓಣಿ, ಕೆರೆಯ ದಂಡೆ, ಕೇರಿ. ದಾಂಡಿಯ ಸ್ಮಾರಕದ ಬಾಗಿಲಿಗೆ ಬರುವಾಗ ಲೆಕ್ಕ ನೂರಾ ನಲವತ್ತಮೂರಕ್ಕೆ ಬಂದಿತ್ತು. ಬೀಗ ಹಾಕಿದ ಮನೆಗಳನ್ನು ಹಿಡಿಯಬೇಕೋ ಬಿಡಬೇಕೋ ಎಂದು ನಮ್ಮನ್ನು ಕೇಳುತ್ತಿದ್ದರು.